ನೋಡಿದರೆ ಹಾಗೆ ಅನ್ನಿಸುವುದಿಲ್ಲವಂತೆ

ನನಗೆ ಆಟಿಸಂ ಇದೆಯೆಂದು ಗೊತ್ತಾಗಿದ್ದು 38ನೆಯ ವಯಸ್ಸಿನಲ್ಲಿ. ಸದ್ದು, ಬೆಳಕು, ಜನರ ಒಡನಾಟವನ್ನೆಲ್ಲ ಮಿದುಳು ಬೇರೆ ರೀತಿಯಲ್ಲಿ ಗ್ರಹಿಸುವ, ಹುಟ್ಟಿನಿಂದಲೇ ಬರುವ ಸ್ಥಿತಿ ಅದು. ಯಾರಿಗೆ ಹೇಳಿದರೂ ಒಂದೇ ಮಾತು: "ನಿನ್ನನ್ನು ನೋಡಿದರೆ ಹಾಗೆ ಅನ್ನಿಸುವುದೇ ಇಲ್ಲ!" ಹೇಗೆ ಅನ್ನಿಸಬೇಕಿತ್ತು? 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಕುರಿತ ತನ್ನ ಲೇಖನದಲ್ಲಿ ವಿವರಿಸಿದ 11 ಮಕ್ಕಳಲ್ಲಿ ಹುಡುಗಿಯರು ಮೂವರೇ. ಜನರ ಕಣ್ಣಿನಲ್ಲಿ ಇಂದಿಗೂ ಆಟಿಸಂ ಎಂದರೆ ಮೂಲೆಯಲ್ಲಿ ಕುಳಿತ ಪುಟ್ಟ ಹುಡುಗ.

ಮೊನ್ನೆ ಕಲ್ಯಾಣ ಮಂಟಪದಲ್ಲಿ ವಾಲಗ, ಧ್ವನಿವರ್ಧಕ, ಕಣ್ಣು ಕುಕ್ಕುವ ದೀಪಗಳು, ಮಲ್ಲಿಗೆಯ ಜೊತೆ ಸೆಂಟಿನ ಘಾಟು, ಕುತ್ತಿಗೆಗೆ ಚುಚ್ಚುವ ಜರಿ. ಕಿವಿಗೆ ಹತ್ತಿ ತುರುಕಿಕೊಂಡು ಹಿಂದಿನ ಓಣಿಯಲ್ಲಿ ಹತ್ತು ನಿಮಿಷ ನಿಂತೆ, ಅಷ್ಟೇ. ಚಿಕ್ಕಮ್ಮ ಹುಡುಕಿಕೊಂಡು ಬಂದೇಬಿಟ್ಟರು. "ಏನೇ ಇದು ನಿನ್ನ ಜಂಬ? ಬೀಗರು ಏನೆಂದುಕೊಳ್ಳುತ್ತಾರೆ? ಚಿಕ್ಕಂದಿನಲ್ಲಿ ಎಷ್ಟು ಒಳ್ಳೆಯ ಹುಡುಗಿ, ಬಾಯಿ ಬಿಡುತ್ತಲೇ ಇರಲಿಲ್ಲ."

ಬಿಡುತ್ತಿರಲಿಲ್ಲ, ಹೌದು! ಅಕ್ಕಪಕ್ಕದವರನ್ನು ನೋಡಿ ನೋಡಿ ನಗು ಕಲಿತವಳು ನಾನು. ಎದುರಿನವರ ಕಣ್ಣನ್ನು ಎಷ್ಟು ಹೊತ್ತು ನೋಡಬೇಕೆಂದು ಮನಸ್ಸಿನಲ್ಲೇ ಎಣಿಸುವವಳು. ಅದು ಒಳ್ಳೆಯತನ, ದಣಿದರೆ ಜಂಬ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ, ಚಿಕ್ಕಮ್ಮನ ಪಟ್ಟಿಯಲ್ಲಿ ಇಲ್ಲ.

ಒಳಗೆ ಹೋದೆ. "ನಗಿ ಮೇಡಂ" ಎಂದ ಫೋಟೋದವನು. ನಕ್ಕೆ. ಮನೆಗೆ ಬಂದು ಎರಡು ದಿನ ಕದ ಹಾಕಿಕೊಂಡು ಮಲಗಿದೆ.