ಘಟ್ಟದ ಮೇಲೊಂದು ಕಡಲ ತೀರ

ಚಿಕ್ಕಮಗಳೂರು ಜಿಲ್ಲೆಯ ಒಂದು ಪಟ್ಟಣ ಪಂಚಾಯಿತಿಯ ವ್ಯಾಪ್ತಿಯಲ್ಲಿ ನಾನು ವಾಸವಾಗಿದ್ದೇನೆ. ಊರಿನ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ನೆರೆಯ ಊರುಗಳವರು ‘ನಮ್ಮದು ಯಾವುದರಲ್ಲಿ ಕಡಿಮೆ’ ಎಂದು ಮುನಿಸಿಕೊಂಡಾರು. ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ, ಮಳೆಗಾಲದಲ್ಲಿ ಕೊಡೆ ಮಡಚಲು ಬಿಡುವು ಕೊಡದ, ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಕಾಣುವ ಈ ಊರಿನಲ್ಲಿ ಕಡಲ ತೀರವೊಂದನ್ನು ನಿರ್ಮಿಸಲು ಪಂಚಾಯಿತಿಯು ಸರ್ವಾನುಮತದಿಂದ ತೀರ್ಮಾನಿಸಿದೆ ಎಂದು ಮೊದಲು ಕೇಳಿದಾಗ, ಸುದ್ದಿ ಹೇಳಿದವನ ಮೇಲೆ ನನಗೆ ಅನುಮಾನ ಬಂದಿತ್ತು. ನಡವಳಿಯ ನಕಲನ್ನು ಓದಿದ ಮೇಲೆ ಆ ಅನುಮಾನ ಅವನನ್ನು ಬಿಟ್ಟು ನನ್ನ ಮೇಲೆಯೇ ತಿರುಗಿತು.

ನಕಲು ಸಿಕ್ಕಿದ ಬಗೆಯನ್ನೂ ಹೇಳಿಬಿಡುತ್ತೇನೆ. 2005ರ ಮಾಹಿತಿ ಹಕ್ಕು ಅಧಿನಿಯಮದ ಪ್ರಕಾರ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ನನಗೆ 29ನೇ ದಿನವೇ ಉತ್ತರ ಬಂತು: ‘ಸದರಿ ಕಡತವು ಕಚೇರಿಯಲ್ಲಿ ಲಭ್ಯವಿರುವುದಿಲ್ಲ.’ ಅದು ನಿಜವೇ ಆಗಿತ್ತು. ಕಡತವು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿತ್ತು. ಗುತ್ತಿಗೆದಾರರು ತಮಗೆ ಬೇಕಾದ ಪುಟಗಳನ್ನು ತೆಗೆಸಿಕೊಂಡು ಹೋಗಿದ್ದರು. ಅಂಗಡಿಯವನು ಪುಟಕ್ಕೆ 2 ರೂಪಾಯಿಯಂತೆ ನನಗೂ ಒಂದು ಪ್ರತಿ ಕೊಟ್ಟ.

ಎಲ್ಲದರ ಮೂಲ ಇರುವುದು ಅಧ್ಯಯನ ಪ್ರವಾಸದಲ್ಲಿ. ಹಸಿ ಕಸ ಮತ್ತು ಒಣ ಕಸವನ್ನು ಬೇರ್ಪಡಿಸುವ ಕ್ರಮವನ್ನು ಕಣ್ಣಾರೆ ನೋಡಿ ಬರಲೆಂದು ನಮ್ಮ ಸದಸ್ಯರು ಕರಾವಳಿಗೆ ಹೊರಟರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಇಬ್ಬರು ಅದನ್ನು ಹಿಂದಿರುಗಿಸಿ, ಪಡುಬಿದ್ರಿಯನ್ನು ತಲುಪುವ ವೇಳೆಗೆ ಸಂಜೆಯಾಗಿತ್ತು. ಕಸದ ಘಟಕ ಬಾಗಿಲು ಹಾಕಿತ್ತು, ಕಡಲಿಗೆ ಬಾಗಿಲಿರಲಿಲ್ಲ. ಅಲ್ಲಿನ ಕಡಲ ತೀರಕ್ಕೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆತದ್ದು ಅನೇಕರಿಗೆ ಗೊತ್ತು. ನೀರಿನ ಗುಣಮಟ್ಟದಿಂದ ಹಿಡಿದು ಶೌಚಾಲಯದ ಸ್ವಚ್ಛತೆಯವರೆಗೆ 33 ಮಾನದಂಡಗಳಲ್ಲಿ ಪಾಸಾದ ಮೇಲೆ ಅಲ್ಲಿ ನೀಲಿ ಬಾವುಟ ಹಾರುತ್ತದೆ. ನಮ್ಮ ಸದಸ್ಯರಿಗೆ ಆ 33 ಕಾಣಿಸಲಿಲ್ಲ, ಬಾವುಟವೊಂದು ಕಾಣಿಸಿತು. ಕತ್ತಲಾಗುವವರೆಗೆ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು ಹಿಂತಿರುಗಿದರು.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಕಡಲಿನ ಪ್ರಸ್ತಾಪವೇ ಇರಲಿಲ್ಲ. ಹಿಂದಿನ ಸಭೆಯ ನಡವಳಿಯನ್ನು ಓದಿ ದಾಖಲಿಸುವುದು, ಜಮಾ ಖರ್ಚಿನ ಅನುಮೋದನೆ, ನಮ್ಮ ಬೀದಿಯ ತಿರುವಿನಲ್ಲಿ ಸೋರುತ್ತಿರುವ ನೀರಿನ ವಾಲ್ವನ್ನು ಬದಲಿಸುವುದು, ಹೀಗೆ ಆರೇಳು ವಿಷಯಗಳಿದ್ದವು. ವಾಲ್ವಿನ ವಿಷಯವನ್ನು ‘ಚರ್ಚಿಸಿ ಮುಂದಿನ ಸಭೆಗೆ ಮುಂದೂಡಲಾಯಿತು’ ಎಂದು ನಡವಳಿ ಹೇಳುತ್ತದೆ. ಚರ್ಚೆಯು ಆ ವಾಲ್ವ್ ಯಾವ ವಾರ್ಡಿಗೆ ಸೇರಿದ್ದು ಎಂಬುದರ ಸುತ್ತ ಇತ್ತೆಂದು ಸಾರ್ವಜನಿಕರ ಬೆಂಚಿನಲ್ಲಿ ಕುಳಿತಿದ್ದ ನಾನೇ ಸಾಕ್ಷಿ ಹೇಳಬಲ್ಲೆ. ವಾಲ್ವ್ ಇರುವುದು 6ನೇ ವಾರ್ಡಿನಲ್ಲಿ, ಸೋರಿದ ನೀರು ನಿಲ್ಲುವುದು 7ನೇ ವಾರ್ಡಿನಲ್ಲಿ. ರಿಪೇರಿಯಾದರೆ ಹೆಸರು ಯಾರಿಗೆ ಬರಬೇಕೆಂಬುದು ಇತ್ಯರ್ಥವಾಗದ್ದರಿಂದ ಸೋರಿಕೆಯೂ ಇತ್ಯರ್ಥವಾಗಲಿಲ್ಲ.

ಕೊನೆಗೆ ಬಂದದ್ದು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು.’ ಸ್ಥಳೀಯ ಸಂಸ್ಥೆಗಳ ಸಭೆಗಳನ್ನು ಬಲ್ಲವರಿಗೆ ಈ ಸಾಲಿನ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ಊರಿಗೆ ಬೇಕಾದದ್ದು ಕ್ರಮಸಂಖ್ಯೆಯೊಂದಿಗೆ ಬಂದು ಕ್ರಮವಾಗಿ ಮುಂದೂಡಲ್ಪಡುತ್ತದೆ. ಊರು ಕನಸಿನಲ್ಲಿಯೂ ಕೇಳದಿದ್ದದ್ದು ಈ ಸಾಲಿನ ಹಿಂಬಾಗಿಲಿನಿಂದ ಬಂದು, ಚಹಾದ ಲೋಟಗಳು ಖಾಲಿಯಾಗುವುದರೊಳಗೆ ಠರಾವಾಗುತ್ತದೆ. ಊರಿನ ಕೆರೆ ದಂಡೆಯಲ್ಲಿ ಪ್ರವಾಸಿಗರ ಅನುಕೂಲಕ್ಕಾಗಿ ಕಡಲ ತೀರ ನಿರ್ಮಿಸುವ ವಿಷಯ ಹಾಗೆಯೇ ಬಂತು. ಹಿರಿಯ ಸದಸ್ಯರೊಬ್ಬರು ಮಾತ್ರ ಎದ್ದು, ‘ಅಲ್ಲಾ ಸ್ವಾಮಿ, ನಮ್ಮೂರಿಗೂ ಸಮುದ್ರಕ್ಕೂ ಏನು ಸಂಬಂಧ?’ ಎಂದು ಕೇಳಿದರು. ಊರಿನ ಎತ್ತರವನ್ನು ಸರ್ಕಾರವೇ ಸಮುದ್ರ ಮಟ್ಟದಿಂದ ಅಳೆದು ದಾಖಲಿಸಿರುವುದರಿಂದ ಸಂಬಂಧ ಮೊದಲಿನಿಂದಲೂ ಇದೆ ಎಂದು ಅವರಿಗೆ ತಿಳಿಸಲಾಯಿತು. ಅವರು ಕುಳಿತರು.

ಸಂವಿಧಾನದ 74ನೇ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದಾಗ ಅದರೊಂದಿಗೆ ಬಂದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳನ್ನು ಪಟ್ಟಿ ಮಾಡಲಾಗಿದೆ. ನೀರು ಪೂರೈಕೆ 5ನೆಯದು. ಉದ್ಯಾನ, ಆಟದ ಮೈದಾನ ಮುಂತಾದವು 12ನೆಯದು. ಐದಕ್ಕಿಂತ ಹನ್ನೆರಡು ದೊಡ್ಡದು ಎಂಬ ಲೆಕ್ಕದಲ್ಲಿ ನಮ್ಮ ಸಭೆ ತಪ್ಪಿಲ್ಲ. ಇನ್ನು ಸಭೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎನ್ನುವ ಸಿನಿಕರೂ ಊರಿನಲ್ಲಿದ್ದಾರೆ. 2018ರಲ್ಲಿ ಚುನಾವಣೆ ನಡೆದ ರಾಜ್ಯದ ಅನೇಕ ಸ್ಥಳೀಯ ಸಂಸ್ಥೆಗಳಲ್ಲಿ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯು ನ್ಯಾಯಾಲಯದ ಮೆಟ್ಟಿಲೇರಿ, ಗೆದ್ದವರು 2020ರವರೆಗೂ ಅಧಿಕಾರವಿಲ್ಲದೆ ಕುಳಿತಿದ್ದನ್ನು ಅವರು ನೆನಪಿಸುತ್ತಾರೆ. ಆ ಊರುಗಳವರು ತಮ್ಮ ನಲ್ಲಿಯ ನೀರನ್ನು ನೋಡಿ ವ್ಯತ್ಯಾಸ ಹೇಳಲಾರರು ಎಂಬುದು ಅವರ ವಾದ. ನಾನು ಅಷ್ಟು ದೂರ ಹೋಗುವುದಿಲ್ಲ. ಸಭೆಯಿಲ್ಲದಿದ್ದರೆ ಕಡಲು ಬರುತ್ತಿರಲಿಲ್ಲ.

ಹಣದ ವಿಷಯದಲ್ಲಿ ತೋರಿದ ಜಾಣ್ಮೆಗೆ ತಲೆದೂಗಲೇಬೇಕು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ, ಘನತ್ಯಾಜ್ಯ ನಿರ್ವಹಣೆ ಮುಂತಾದವುಗಳಿಗೇ ವೆಚ್ಚ ಮಾಡಬೇಕೆಂಬ ಕಟ್ಟುಪಾಡಿತ್ತು. ಕ್ರಿಯಾಯೋಜನೆ ತಯಾರಿಸಿದವರು ಕಡಲ ತೀರವನ್ನು ಮಳೆನೀರು ಸಂಗ್ರಹದ ಅಡಿಯಲ್ಲಿ ತಂದರು. ಕೆರೆಯಲ್ಲಿರುವುದು ಮಳೆಯ ನೀರು, ಮರಳು ಇರುವುದು ಆ ನೀರಿನ ಪಕ್ಕ, ಆದ್ದರಿಂದ ಮರಳು ಮಳೆನೀರಿಗೆ ಪೂರಕವಾದ ಸಾಮಗ್ರಿ. ಪ್ಲಾಸ್ಟಿಕ್ ತೆಂಗಿನ ಮರಗಳಿಗೆ ಯಾವ ಲೆಕ್ಕಶೀರ್ಷಿಕೆಯೂ ಹೊಂದದಿದ್ದಾಗ ಅವುಗಳನ್ನು ಘನತ್ಯಾಜ್ಯದ ಅಡಿಯಲ್ಲಿ ಸೇರಿಸಿದರು. ಇಡೀ ಕಡತದಲ್ಲಿ ವಾಸ್ತವಕ್ಕೆ ತೀರ ಹತ್ತಿರವಾದ ನಮೂದು ಅದೊಂದೇ ಎಂದು ನನ್ನ ಅಭಿಪ್ರಾಯ.

ಮುಖ್ಯಾಧಿಕಾರಿಯವರಿಗೆ ಕಾನೂನಿನ ಭಯವಿತ್ತು. ಕಡಲ ತೀರವೆಂದ ಮೇಲೆ ಕರಾವಳಿ ನಿಯಂತ್ರಣ ವಲಯದ ಅನುಮತಿ ಬೇಕಾಗುವುದಿಲ್ಲವೇ ಎಂದು ಅವರು ಷರಾ ಬರೆದರು. 1991ರಲ್ಲಿ ಹೊರಟು 2011 ಮತ್ತು 2019ರಲ್ಲಿ ಹೊಸ ರೂಪ ಪಡೆದ ಆ ಅಧಿಸೂಚನೆಯು ಉಬ್ಬರದ ಗೆರೆಯಿಂದ ನೆಲದ ಕಡೆಗೆ 500 ಮೀಟರುಗಳವರೆಗೆ ಅನ್ವಯಿಸುತ್ತದೆ. ಹಾಗಾಗಿ ನಮ್ಮ ಕೆರೆಯ ಉಬ್ಬರದ ಗೆರೆಯನ್ನು ಗುರುತಿಸಿ ವರದಿ ಸಲ್ಲಿಸುವಂತೆ ಕಿರಿಯ ಅಭಿಯಂತರರಿಗೆ ಸೂಚನೆ ಹೋಯಿತು. ಅವರು ಮೂರು ದಿನ ಟೇಪು ಹಿಡಿದು ದಂಡೆಯ ಮೇಲೆ ಓಡಾಡಿ, ‘ಪರಿಶೀಲಿಸಲಾಗಿ ಉಬ್ಬರವು ಕಂಡುಬಂದಿರುವುದಿಲ್ಲ, ಎಮ್ಮೆಗಳು ಇಳಿದಾಗ ನೀರು ನಾಲ್ಕು ಬೆರಳಷ್ಟು ಏರಿ, ಅವು ಮೇಲೆ ಬಂದಾಗ ಇಳಿಯುತ್ತದೆ’ ಎಂದು ಬರೆದುಕೊಟ್ಟರು. ಈ ವರದಿಯೊಂದಿಗೆ ಮೇಲಿನ ಕಚೇರಿಗೆ ಪತ್ರ ಹೋಗಿ, ಕೆಲವು ತಿಂಗಳ ಬಳಿಕ ‘ನಿಮ್ಮ ವ್ಯಾಪ್ತಿಯಲ್ಲಿ ಸಮುದ್ರವಿಲ್ಲದ ಕಾರಣ ಅನುಮತಿಯ ಪ್ರಶ್ನೆ ಉದ್ಭವಿಸುವುದಿಲ್ಲ’ ಎಂಬ ಉತ್ತರ ಬಂತು. ಸಮುದ್ರವಿಲ್ಲವೆಂದು ಸರ್ಕಾರಿ ಮುದ್ರೆಯೊಂದಿಗೆ ಬಂದ ಆ ಪತ್ರವನ್ನು ಕಡತದಲ್ಲಿ ‘ನಿರಾಕ್ಷೇಪಣಾ ಪತ್ರ’ ಎಂದು ಸೇರಿಸಿ ಕೆಲಸ ಆರಂಭಿಸಲಾಯಿತು.

ನದಿಯ ಮರಳು ದುಬಾರಿಯಾದ್ದರಿಂದ ಎಂ ಸ್ಯಾಂಡ್ ತರಿಸಿದರು. ಕ್ರಷರ್‌ನಲ್ಲಿ ಅರೆದ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡಿದ ಮಕ್ಕಳು ಮಂಡಿ ತರಚಿಕೊಂಡು ಮನೆಗೆ ಬಂದರು. ಬಿಲ್ಲಿನಲ್ಲಿ 40 ಲೋಡು ಎಂದಿತ್ತು. ಕೆರೆಯ ಎದುರಿನ ಬೀಡಾ ಅಂಗಡಿಯವನು ಎಣಿಸಿದ್ದು 11 ಲೋಡು. ಉಳಿದ 29 ಲೋಡು ‘ಅಲೆಗಳ ಹೊಡೆತಕ್ಕೆ ಕೊಚ್ಚಿಹೋಗಿದೆ’ ಎಂದು ಅಳತೆ ಪುಸ್ತಕದಲ್ಲಿದೆ. ಹೊರಗುತ್ತಿಗೆಯಲ್ಲಿ ಒಬ್ಬ ಜೀವರಕ್ಷಕನನ್ನೂ ನೇಮಿಸಿದರು. ಹೂಳು ತುಂಬಿ ಮೊಣಕಾಲುದ್ದ ನೀರಿರುವ ಕೆರೆಯಲ್ಲಿ ಅವನು ಈವರೆಗೆ ರಕ್ಷಿಸಿರುವುದು ಕೆಸರಿನಲ್ಲಿ ಸಿಕ್ಕಿಕೊಂಡ ಒಂದು ಎಮ್ಮೆಕರುವನ್ನು. ಅದನ್ನೂ ಕರುವಿನ ಯಜಮಾನ ಕೂಗಿ ಕರೆದ ಮೇಲೆ. ಉದ್ಘಾಟನೆಯ ದಿನ ನೀಲಿ ಬಾವುಟವನ್ನು ಹಾರಿಸಲಾಯಿತು. ಮೇನ್ ರೋಡಿನ ಟೈಲರ್ ಶಾಲೆಯ ಸಮವಸ್ತ್ರದ ಬಟ್ಟೆಯಲ್ಲಿ ಅದನ್ನು ಹೊಲಿದುಕೊಟ್ಟಿದ್ದ. ಹಾಗಾಗಿ ಬಣ್ಣ ಪಕ್ಕಾ ಇತ್ತು, ಬಟ್ಟೆಯೂ ಗಟ್ಟಿಯಾಗಿತ್ತು. ಈ ಗಟ್ಟಿ ಬಟ್ಟೆಯ ಸಂಗತಿ ಮುಂದೆ ಮುಖ್ಯವಾಗುತ್ತದೆ.

ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ ಎಂದು ನಮ್ಮ ಕಡೆ ಗಾದೆಯಿದೆ. ಆ ವರ್ಷ ಆರಿದ್ರಾ ಮಳೆ ಚೆನ್ನಾಗಿಯೇ ಆಯಿತು. ಅಧ್ಯಕ್ಷರು ಸದಸ್ಯರೊಂದಿಗೆ ತುಂಬಿದ ಕೆರೆಗೆ ಬಾಗಿನ ಅರ್ಪಿಸಿದ ಮರುದಿನ ರಾತ್ರಿ ಸುರಿದ ಮಳೆಗೆ ಕಡಲ ತೀರವು ಪೂರ್ತಿಯಾಗಿ ಜಾರಿ ಕೆರೆಯೊಳಕ್ಕೆ ಇಳಿದು ತೂಬಿಗೆ ಅಡ್ಡ ಕೂತಿತು. ಕೆಳಗಿನ ಗದ್ದೆಗಳವರು ಹಾರೆ ಗುದ್ದಲಿ ಹಿಡಿದು ಕಚೇರಿಯ ಮುಂದೆ ನಿಂತರು. ತುರ್ತು ಸಭೆ ಸೇರಿ, ಕೆರೆಯಿಂದ ಮರಳನ್ನು ಎತ್ತುವ ಕೆಲಸಕ್ಕೆ ಘಟನೋತ್ತರ ಮಂಜೂರಾತಿ ನೀಡಲಾಯಿತು. ಎತ್ತಿದ್ದು 40 ಲೋಡು ಎಂದು ಈಗ ಬಿಲ್ಲು ಹೇಳುತ್ತದೆ. ಅಲೆಗಳು ಕೊಚ್ಚಿಕೊಂಡು ಹೋಗಿದ್ದ 29 ಲೋಡನ್ನು ಪ್ರಾಮಾಣಿಕವಾಗಿ ಹಿಂದಿರುಗಿಸಿವೆ.

ಬಾವುಟದ ಕಂಬವೂ ಅದೇ ರಾತ್ರಿ ಉರುಳಿತ್ತು. ಕೆಸರಿನಲ್ಲಿ ಬಿದ್ದಿದ್ದ ಬಾವುಟವನ್ನು ನಮ್ಮ ನೀರುಗಂಟಿ ಬೆಳಗಿನ ಜಾವ ಎತ್ತಿಕೊಂಡು ಬಂದು, ನಮ್ಮ ಬೀದಿಯ ಕೊಳಾಯಿಯಲ್ಲಿ ತೊಳೆದು, ಉದ್ದಕ್ಕೆ ಮಡಚಿ, ಸೋರುತ್ತಿದ್ದ ವಾಲ್ವಿಗೆ ಸುತ್ತಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದ. ಎರಡು ವರ್ಷದಿಂದ ಹರಿಯುತ್ತಿದ್ದ ನೀರು ನಿಂತಿತು. ಅಂದು ನಮ್ಮ ಬೀದಿಯ ಕೊನೆಯ ಮನೆಯ ನಲ್ಲಿಯಲ್ಲಿ ಸಹ ಹೆಬ್ಬೆರಳು ಗಾತ್ರದ ಧಾರೆ ಬಂತೆಂದು ಆ ಮನೆಯ ಅಜ್ಜಿ ಬೀದಿಯವರನ್ನೆಲ್ಲ ಕರೆದು ತೋರಿಸಿದರು. ‘ಏನಪ್ಪಾ ಇದು, ಪಂಚಾಯಿತಿಯವರೇನೂ ಅನ್ನಲ್ವೇನೋ?’ ಎಂದು ನಾನು ಕೇಳಿದಾಗ ಅವನು, ‘ಬಿಡಿ ಸಾರ್, ಬಟ್ಟೆ ಚೆನ್ನಾಗೈತೆ’ ಎಂದಷ್ಟೇ ಹೇಳಿದ.

ಪಂಚಾಯಿತಿಯು ಅಂದಿತು. ಸಾರ್ವಜನಿಕ ಆಸ್ತಿಯನ್ನು ಉದ್ದೇಶಿತ ಕಾರ್ಯವಲ್ಲದ ಕಾರ್ಯಕ್ಕೆ ಬಳಸಿರುವ ಬಗ್ಗೆ ಅವನಿಗೆ ಕಾರಣ ಕೇಳಿ ನೋಟಿಸ್ ಜಾರಿಯಾಯಿತು. ಅವನು ಹಾಳೆಯ ಮೇಲೆ ‘ನೀರು ಸೋರುತ್ತಿತ್ತು’ ಎಂದು ಬರೆದು ಸಹಿ ಹಾಕಿ ಕೊಟ್ಟ. ಉತ್ತರವು ಸಮರ್ಪಕವಾಗಿಲ್ಲವೆಂದು ಸಭೆ ಅಭಿಪ್ರಾಯಪಟ್ಟಿತು; ಯಾವ ವಾರ್ಡಿನ ನೀರು ಎಂಬುದನ್ನು ಅವನು ನಮೂದಿಸಿರಲಿಲ್ಲ. ಬಾವುಟವನ್ನು ಬಿಚ್ಚಿ, ಒಗೆದು, ಇಸ್ತ್ರಿ ಮಾಡಿಸಿ ಏಳು ದಿನಗಳೊಳಗೆ ಕಚೇರಿಗೆ ಒಪ್ಪಿಸುವಂತೆ ಆದೇಶವಾಯಿತು.

ಬಾವುಟ ಈಗ ಪುನಃ ಕೆರೆ ದಂಡೆಯ ಕಂಬದ ಮೇಲಿದೆ. ಅದರ ಮೇಲೆ ವಾಲ್ವಿನ ತುಕ್ಕಿನ ಗುರುತು ಬಳೆಯಂತೆ ದುಂಡಗೆ ಉಳಿದುಕೊಂಡಿದ್ದು, ಬೆಂಗಳೂರಿನಿಂದ ಬರುವ ಪ್ರವಾಸಿಗರು ಅದನ್ನು ಸೂರ್ಯನ ಚಿತ್ರವೆಂದು ತಿಳಿದು ಫೋಟೊ ತೆಗೆದುಕೊಳ್ಳುತ್ತಾರೆ. ವಾಲ್ವ್ ಮೊದಲಿನಂತೆ ಸೋರುತ್ತಿದೆ. ಬೆಳಿಗ್ಗೆ ಐದೂವರೆಗೆ ಹೋದರೆ ಅದರ ಕೆಳಗಿಟ್ಟ ಬಿಂದಿಗೆ ಇಪ್ಪತ್ತು ನಿಮಿಷದಲ್ಲಿ ತುಂಬುತ್ತದೆ. ಆರು ಗಂಟೆಯ ಮೇಲೆ 7ನೇ ವಾರ್ಡಿನವರ ಸರದಿ.