ಪ್ರಶ್ನೆ ಉಳಿಸಿಕೊಂಡು ಉತ್ತರ ಕತ್ತರಿಸಿದರು

ನಿನ್ನೆ ಆಗಸ್ಟ್ 15. ಅಣ್ಣನ ಮಗಳ ಶಾಲೆಗೆ ಹೋಗಿದ್ದೆ. ಈಗ ದಲಿತ ಕವಿ ಸಿದ್ಧಲಿಂಗಯ್ಯನವರ ಹಾಡು, ‘ಯಾರಿಗೆ ಬಂತು, ಎಲ್ಲಿಗೆ ಬಂತು’ ಅಂತ ಮೈಕಿನಲ್ಲಿ ಹೇಳಿದ ಕೂಡಲೇ ಕುರ್ಚಿಯ ತುದಿಗೆ ಬಂದು ಕೂತೆ. ನಿಮಗೆ ಗೊತ್ತಲ್ಲ, ಆ ಹಾಡು ಅಂದರೆ ನನಗೆ ಹಾಸ್ಟೆಲ್ಲು, ತಮಟೆ, ಕೂಗಿ ಕೂಗಿ ಕಟ್ಟಿಹೋದ ಗಂಟಲು.

ಇಲ್ಲಿ ತಮಟೆ ಇಲ್ಲ. ಕೀಬೋರ್ಡ್ ಟ್ರ್ಯಾಕು. ಮಕ್ಕಳ ಕೈಯಲ್ಲಿ ಮೂರು ಬಣ್ಣದ ರಿಬ್ಬನ್ನು. ಅವರು ಸ್ವಾತಂತ್ರ್ಯ ಯಾರಿಗೆ ಬಂತು ಅಂತ ಕೇಳುತ್ತಿದ್ದರೆ, ಸ್ಟೇಜಿನ ಕೆಳಗೆ ನಿಂತ ಮೇಡಂ ಎರಡು ಬೆರಳನ್ನು ತುಟಿಯ ತುದಿಗಳಿಗೆ ಒತ್ತಿ ‘ನಗಿ, ನಗಿ’ ಅಂತ ಸನ್ನೆ ಮಾಡುತ್ತಿದ್ದರು.

ನಗಲಿ ಬಿಡಿ. ಸಿಟ್ಟು ಬಂದಿದ್ದು ಆಮೇಲೆ. ಆ ಹಾಡು ಬರೀ ಕೇಳಿ ಸುಮ್ಮನಾಗುವುದಿಲ್ಲ ಸ್ವಾಮಿ, ಉತ್ತರವನ್ನೂ ಕೊಡುತ್ತದೆ. ಯಾರ ಜೇಬಿಗೆ ಬಂತು ಅಂತ ಇಬ್ಬರು ದೊಡ್ಡ ಉದ್ಯಮಿಗಳ ಹೆಸರು ಹಿಡಿದೇ ಹೇಳುತ್ತದೆ. ಪೊಲೀಸರ ಬೂಟು ಬರುತ್ತದೆ, ಮಾಲೀಕರ ಚಾಟಿ ಬರುತ್ತದೆ. ಇವರು ಅದಷ್ಟಕ್ಕೂ ಕತ್ತರಿ ಹಾಕಿದ್ದರು. ಪಲ್ಲವಿಯನ್ನೇ ನಾಲ್ಕು ಸಲ ತಿರುಗಿಸಿ ಹಾಡಿ, ಜೈ ಹಿಂದ್ ಅಂದು ಇಳಿದರು. ಬಸ್ ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಎಲ್ಲಿಗೆ ಬಂತು ಅಂತ ವಿಚಾರಿಸಿದ ಹಾಗಿತ್ತು.

1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಜಾಸ್ತಿ ಅಂದಿದ್ದಕ್ಕೆ ಗಲಾಟೆಯೆದ್ದು, ಅವರ ಪರ ನಿಂತ ಎಷ್ಟು ದಲಿತ ಹುಡುಗರು ಏಟು ತಿಂದರು. ಬಸವಲಿಂಗಪ್ಪನವರ ಮಂತ್ರಿಗಿರಿಯೂ ಹೋಯಿತು. ಆ ಬಿಸಿಯಲ್ಲಿ ಬೆಳೆದ ಕವಿ ಸಿದ್ಧಲಿಂಗಯ್ಯ. 1975ರಲ್ಲಿ ಅವರ ಕವನ ಸಂಕಲನ ‘ಹೊಲೆಮಾದಿಗರ ಹಾಡು’ ಬಂತು. ಕವಿ ಪರಿಚಯ ಓದಿದ ಮೇಷ್ಟ್ರು ಆ ಪುಸ್ತಕದ ಹೆಸರನ್ನೇ ಹಾರಿಸಿಬಿಟ್ಟರು, ನಾನು ಕಿವಿಗೊಟ್ಟು ಕೇಳುತ್ತಿದ್ದೆ.

‘ಪುಟ್ಟ ಮಕ್ಕಳ ಬಾಯಲ್ಲಿ ಬೂಟು, ಚಾಟಿ ಎಲ್ಲ ಯಾಕೆ ಸಾರ್?’ ಅಂದರು ಪಕ್ಕದವರು. ಸರಿಯಾದ ಮಾತೇ. ಆದರೆ ಹತ್ತು ನಿಮಿಷದ ಹಿಂದೆ ಎಲ್‌ಕೆಜಿ ಮಕ್ಕಳು ಪ್ಲಾಸ್ಟಿಕ್ ಗನ್ ಹಿಡಿದು ಎದುರಿಗಿದ್ದವರನ್ನು ಢಂ ಢಂ ಅಂತ ಹೊಡೆದು ಕೆಡವಿದ್ದರು. ಅದಕ್ಕೆ ಶಿಳ್ಳೆ ಹಾಕಿದವರು ಇದೇ ಸಾರ್! ಇನ್ನೊಬ್ಬರದು ಮಾಮೂಲಿ ವಾದ: ಆ ಕವಿಯೇ ಆಮೇಲೆ ಎಂಎಲ್‌ಸಿ ಆದರಲ್ಲ? ಆದರು, ಏನೀಗ? ಹಾಡೇನು ಎಂಎಲ್‌ಸಿ ಆಗಿಲ್ಲವಲ್ಲ.

ಇಷ್ಟೆಲ್ಲ ಬರೆಯುತ್ತಿದ್ದೇನೆ, ಅಲ್ಲಿ ಏನು ಮಾಡಿದೆ ಅಂತ ಕೇಳಬೇಡಿ. ಸರಿ, ನಾನೇ ಹೇಳುತ್ತೇನೆ. ಎಲ್ಲರ ಜೊತೆ ಎದ್ದು ಚಪ್ಪಾಳೆ ತಟ್ಟಿದೆ. ರಾತ್ರಿ ಅಣ್ಣ ಫ್ಯಾಮಿಲಿ ಗ್ರೂಪಿಗೆ ವಿಡಿಯೋ ಹಾಕಿದ. ‘ಸೂಪರ್ ಪುಟ್ಟಿ’ ಅಂತ ಮೊದಲು ಬರೆದವನೂ ನಾನೇ.