ಮೈಕ್ ಸಿಕ್ಕ ತಕ್ಷಣ ಮಂತ್ರಿಗಿರಿಯೇ ಯಾಕೆ ನೆನಪಾಗುತ್ತದೆ?

ನಿನ್ನೆ ಒಂದು ಮಠದ ಕಾರ್ಯಕ್ರಮಕ್ಕೆ ಹೋಗಿದ್ದೆ. ಹೋಗಬಾರದಿತ್ತು ಅನ್ನಲ್ಲ, ಊಟ ಚೆನ್ನಾಗಿತ್ತು. ಆದರೆ ಊಟದ ತನಕ ಕೂರುವುದೇ ಶಿಕ್ಷೆ. ವೇದಿಕೆ ಮೇಲಿದ್ದವರಿಗೆಲ್ಲ ಶಾಲು, ಪೇಟ, ಹಣ್ಣಿನ ಬುಟ್ಟಿ. ಅದು ಮುಗಿಯುವಷ್ಟರಲ್ಲಿ ಶಾಮಿಯಾನದ ಅಂಚಿನಲ್ಲಿದ್ದ ಹೆಂಗಸರ ಮೇಲೆ ಬಿಸಿಲು ಬಿದ್ದಾಗಿತ್ತು. ಕೊನೆಗೆ ಆಶೀರ್ವಚನ. ಧರ್ಮದ ಬಗ್ಗೆ ಎರಡು ಮಾತು, ಆಮೇಲೆ ನೇರ ವಿಷಯಕ್ಕೆ: ನಮ್ಮ ಸಮಾಜದ ಶಾಸಕರಿಗೆ ಮಂತ್ರಿ ಸ್ಥಾನ ಕೊಡಿ, ಇಲ್ಲದಿದ್ದರೆ ಮುಂದಿನ ಚುನಾವಣೆಯಲ್ಲಿ ತಕ್ಕ ಪಾಠ ಕಲಿಸುತ್ತೇವೆ. ಚಪ್ಪಾಳೆಯೋ ಚಪ್ಪಾಳೆ.

ಇದೇನು ಹೊಸದಲ್ಲ. 2020ರ ಜನವರಿಯಲ್ಲಿ ಹರಿಹರದ ವೇದಿಕೆ ಮೇಲೆ ಸ್ವಾಮೀಜಿಯೊಬ್ಬರು ಹೀಗೇ ಕೇಳಿದಾಗ, ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಸಿಟ್ಟಿನಿಂದ ಎದ್ದೇಬಿಟ್ಟಿದ್ದರು. ಅವರ ರಾಜಕೀಯ ನನಗೆ ಒಗ್ಗುವುದಿಲ್ಲ, ನಿಮಗೆ ಗೊತ್ತೇ ಇದೆ. ಆದರೂ ಆವತ್ತು ಟಿವಿ ಮುಂದೆ ಕೂತು ಶಹಬ್ಬಾಸ್ ಅಂದಿದ್ದೆ.

ಸ್ವಲ್ಪ ಲೆಕ್ಕ ಹಾಕಿ. ವಿಧಾನಸಭೆಯಲ್ಲಿ 224 ಶಾಸಕರು. ಮಂತ್ರಿಗಳ ಸಂಖ್ಯೆಗೆ ಸಂವಿಧಾನದ ಮಿತಿ ಅದರ ಶೇ 15. ಅಂದರೆ ಮುಖ್ಯಮಂತ್ರಿ ಸೇರಿ 34 ಮಂದಿ. ಇಷ್ಟು ಕುರ್ಚಿಗೆ ಎಷ್ಟು ಮಠಗಳು ಟವೆಲ್ ಹಾಕಬೇಕು? ಚುನಾವಣೆಯಲ್ಲಿ ಅಭ್ಯರ್ಥಿ ಜಾತಿಯ ಹೆಸರಲ್ಲಿ ವೋಟು ಕೇಳಿದರೆ ಅದು ಭ್ರಷ್ಟ ಆಚರಣೆ. 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ಜನರ ಪೀಠ ಅದನ್ನು ಇನ್ನೂ ಬಿಗಿ ಮಾಡಿತು. ಗೆದ್ದ ಮೇಲೆ ಜಾತಿಯ ಹೆಸರಲ್ಲಿ ಖಾತೆ ಕೇಳುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಅದಕ್ಕೆ ಹೂವಿನ ಹಾರ ಬೇರೆ.

ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ದರು. ಮಗ ವಿಪರೀತ ಕುಡಿಯುತ್ತಾನಂತೆ. "ಬುದ್ಧಿಯೋರು ಒಂದು ಮಾತು ಹೇಳಿದ್ರೆ ಕೇಳ್ತಾನೇನೋ ಅಂತ ಬಂದೆ" ಅಂದರು. ಬುದ್ಧಿಯೋರು ಮಾತು ಹೇಳಿದರು, ನಿಗಮ ಮಂಡಳಿ ಬಗ್ಗೆ.

ಆಗ ಇಳಕಲ್ಲಿನ ಮಹಾಂತ ಸ್ವಾಮೀಜಿ ನೆನಪಾದರು. 1975ರಲ್ಲಿ 'ಮಹಾಂತ ಜೋಳಿಗೆ' ಹಿಡಿದು ಹೊರಟವರು. ಊರೂರು ತಿರುಗಿ ಅವರು ಬೇಡಿದ್ದು ದುಡ್ಡಲ್ಲ, ದುಶ್ಚಟ. ಕುಡಿತ ಬಿಡುತ್ತೇನೆ ಅಂತ ಮಾತು ಕೊಟ್ಟು ಅದನ್ನು ಜೋಳಿಗೆಗೆ ಹಾಕಬೇಕು, ಅಷ್ಟೇ. ಅವರ ಹುಟ್ಟುಹಬ್ಬ ಆಗಸ್ಟ್ 1, ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಆ ಅಜ್ಜಿಗೆ ಬೇಕಾಗಿದ್ದು ಅಂಥ ಒಂದು ಜೋಳಿಗೆ. ಕಾಣಿಸಿದ್ದು ಹಣ್ಣಿನ ಬುಟ್ಟಿ.

ಈಗ ನೀವು ಹೇಳುವುದು ಗೊತ್ತು. ಕೇಳದೇ ಇದ್ದರೆ ಯಾವ ಸರ್ಕಾರ ಕೊಡುತ್ತದೆ? ಸಮಾಜಕ್ಕೆ ಪ್ರಾತಿನಿಧ್ಯ ಬೇಡವಾ? ಬೇಕು. ಆದರೆ ಮಂತ್ರಿಯಾಗುವುದು ಒಬ್ಬ ಮನುಷ್ಯ, ಸಮಾಜ ಅಲ್ಲ. ಕಾರು ಅವನಿಗೆ, ಬಂಗಲೆ ಅವನಿಗೆ, ಗುತ್ತಿಗೆ ಅವನ ಬಾಮೈದನಿಗೆ. ಸಮಾಜಕ್ಕೆ ಸಿಗುವುದು ಫ್ಲೆಕ್ಸ್ ಕಟ್ಟುವ ಕೆಲಸ. ಮಠವೇ ಇಲ್ಲದ, ನಾಲ್ಕು ಮನೆಯ ಸಮುದಾಯದವರ ಪರವಾಗಿ ಮೈಕ್ ಹಿಡಿಯುವುದು ಯಾರು? ಬೇರೆ ಸಮಾಜದವರಿಗೆ ನ್ಯಾಯ ಕೊಡಿ ಅಂತ ಒಬ್ಬ ಸ್ವಾಮೀಜಿ ವೇದಿಕೆ ಮೇಲೆ ಗುಡುಗಿದ್ದನ್ನು ನಾನಂತೂ ನೋಡಿಲ್ಲ. ನೋಡಿದ್ದರೆ ಅವರ ಪಲ್ಲಕ್ಕಿ ನಾನೇ ಹೊರುತ್ತಿದ್ದೆ.

ಮಠಗಳು ಶಾಲೆ ಕಟ್ಟಿಲ್ಲವಾ, ಅನ್ನ ಹಾಕಿಲ್ಲವಾ ಅಂತ ನನಗೇ ಪಾಠ ಮಾಡಬೇಡಿ. ನಾನು ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವನು. ಆ ಮುದ್ದೆ ಇಲ್ಲದಿದ್ದರೆ ಇವತ್ತು ಇದನ್ನು ಬರೆಯಲು ಅಕ್ಷರವೂ ಇರುತ್ತಿರಲಿಲ್ಲ. ಸಿಟ್ಟು ಬರುವುದೂ ಅದಕ್ಕೇ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಮುಂದೆ ಎಲ್ಲ ಪಕ್ಷದವರೂ ಬಂದು ಬಗ್ಗುತ್ತಿದ್ದರು. ಸಾವಿರಾರು ಮಕ್ಕಳ ಊಟಕ್ಕೆ ಸಿಕ್ಕ ಗೌರವ ಅದು. ಈಗ ಸ್ವಾಮೀಜಿಗಳೇ ಬಂದವರ ಮುಖ ನೋಡಿ ಮಾತು ಬದಲಿಸುತ್ತಾರೆ.

ಯಾವ ಮಠ ಅಂತ ಕೇಳಬೇಡಿ, ಹೇಳಲ್ಲ. ನಮ್ಮಮ್ಮ ಈಗಲೂ ಪ್ರತಿ ಅಮಾವಾಸ್ಯೆಗೆ ಅಲ್ಲಿಗೇ ಹೋಗುವುದು. ಇದನ್ನು ಯಾರಾದರೂ ಅವಳಿಗೆ ಓದಿ ಹೇಳಿದರೆ ಮನೆಯಲ್ಲಿ ನನಗೆ ಊಟ ಇಲ್ಲ.